ಎಳ್ಳು ಬಂಗುಡೆಯ ತಟ್ಟೆ

ಅಕ್ಟೋಬರ್ 14, ಶನಿವಾರ

ಕುರೊಗಿ ಶಿಜುಯೊ. ಫುಕುಓಕಾ ಪ್ರಾಂತ್ಯದ ಮಾಧ್ಯಮಿಕ ಶಾಲೆಗಳಲ್ಲಿ ಗೃಹವಿಜ್ಞಾನ ಶಿಕ್ಷಕಿಯಾಗಿ ಮೂವತ್ತೇಳು ವರ್ಷಗಳ ಅಖಂಡ ಸೇವೆ. ಹೊಸ ದಿನಚರಿಯ ಮೊದಲ ಪುಟದಲ್ಲಿ ಹೆಸರನ್ನೂ ಸೇವಾವಧಿಯನ್ನೂ ಬರೆಯುವುದು ನನ್ನ ಅಭ್ಯಾಸ. ಇದನ್ನು ಓದುವವರು ಯಾರೂ ಇಲ್ಲ ಎಂಬುದು ಅಭ್ಯಾಸ ಬಿಡಲು ಕಾರಣವಾಗಲಾರದು.

ನಾಳೆ ಕೇರಿಯ ಮಹಿಳೆಯರ ತಿಂಗಳ ಭೋಜನ. ಒಬ್ಬೊಬ್ಬರೂ ಒಂದೊಂದು ಬಗೆ ಮಾಡಿ ತರಬೇಕು. ತಂಗಿ ಯಾಸುನೊಳೊಡನೆ ಇರಲೆಂದು ನಾನು ನೈಋತ್ಯದ ಫುಕುಓಕಾ ಬಿಟ್ಟು ಈ ಈಶಾನ್ಯದ ಬಂದರಿಗೆ ಬಂದು ಎರಡನೆಯ ಶರತ್ಕಾಲ. ಆ ಭೋಜನಕ್ಕೆ ನನ್ನನ್ನು ಕರೆದದ್ದು ಇದೇ ಮೊದಲು. ಹೊಸಬರನ್ನು ಅಳೆದು ನೋಡಲು ಈ ಊರಿನವರಿಗೆ ಅಷ್ಟು ಸಮಯ ಬೇಕಾಗುತ್ತದೆ. ಸರಿ, ಅಳೆಯಲಿ. ಎಳ್ಳು ಬಂಗುಡೆ ಮಾಡುವುದೆಂದು ತೀರ್ಮಾನಿಸಿದ್ದೇನೆ. ಹಸಿ ಬಂಗುಡೆಯ ಹೋಳು, ನಮ್ಮೂರಿನ ಸಿಹಿ ಸೋಯಾ, ಅರೆದ ಎಳ್ಳು, ಮೇಲೊಂದಿಷ್ಟು ಈರುಳ್ಳಿ ಸೊಪ್ಪು. ಒಲೆ ಹಚ್ಚುವ ಮಾತೇ ಇಲ್ಲ. ಫುಕುಓಕಾದಲ್ಲಿ ಮದುವೆಗೆ ಹೆಣ್ಣು ನೋಡಲು ಬಂದವರಿಗೂ ಇದನ್ನೇ ಬಡಿಸುತ್ತಾರೆ.

ಮೀನಿಗೆಂದು ಕನೆಹಾಮಾ ತೊಮೆಜಿಯ ಅಂಗಡಿಗೆ ಹೋದೆ. ಯಾಸುನೊ ಮದುವೆಯಾಗಿ ಬಂದಂದಿನಿಂದ ಅವನಲ್ಲೇ ಕೊಳ್ಳುತ್ತಾಳೆ. ಆ ಮನುಷ್ಯನಿಗೆ ಮೆಲ್ಲಗೆ ಮಾತನಾಡಲು ಬರುವುದಿಲ್ಲ.

"ಸುಟ್ಕೊಂಡು ತಿನ್ನಿ ಸೆನ್ಸೇ, ಇಲ್ಲಾಂದ್ರೆ ಬೇಯ್ಸಿ. ಹಸಿ ಮಾತ್ರ ಬೇಡ."

ಈ ಊರಿನವರು ಸೆನ್ಸೇ ಎನ್ನುವಾಗ ಗುರುವಿಗೆ ಸಲ್ಲಬೇಕಾದ ಗೌರವ ಎಲ್ಲೋ ದಾರಿಯಲ್ಲಿ ಸೋರಿಹೋಗಿರುತ್ತದೆ.

"ಯಾಕೆ, ಮೀನು ಹಳೇದಾ?" ಎಂದೆ.

"ಹಳೇದಾ! ಬೆಳಿಗ್ಗೆ ದೋಣಿಯಿಂದ ಇಳಿದದ್ದು. ಕಣ್ಣು ನೋಡಿ, ನಿಮ್ಮನ್ನೇ ದುರುಗುಟ್ಕೊಂಡು ನೋಡ್ತಿದೆ."

"ಮತ್ತೆ ಹಸಿ ತಿನ್ನೋಕೆ ಏನಡ್ಡಿ?"

"ಅಡ್ಡಿ ಗಿಡ್ಡಿ ನಂಗೊತ್ತಿಲ್ಲ. ನಮ್ಮಪ್ಪ ತಿಂದಿಲ್ಲ, ನಾನೂ ತಿಂದಿಲ್ಲ. ಈ ಕಡೆ ಬಂಗುಡೆ ಹಸಿ ತಿನ್ನಲ್ಲ, ಅಷ್ಟೇ."

ಅಪ್ಪ ತಿನ್ನಲಿಲ್ಲವಂತೆ! ಇಂಥ ಉತ್ತರವನ್ನು ಪರೀಕ್ಷೆಯಲ್ಲಿ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಮೀನು ತೆಗೆದುಕೊಂಡು ಹೊರಟೆ. ಬೀದಿಯ ತುದಿ ಮುಟ್ಟುವವರೆಗೂ ಹಿಂದಿನಿಂದ ಕೂಗುತ್ತಲೇ ಇದ್ದ: "ಬೇಯ್ಸಿ ಸೆನ್ಸೇ! ಬೇಯ್ಸಿ!" ತರಕಾರಿ ಅಂಗಡಿಯವಳು ಮೂಲಂಗಿ ಹಿಡಿದುಕೊಂಡೇ ನಕ್ಕಳು.

ಅಡುಗೆಮನೆಯ ಶುಚಿತ್ವದ ಪಾಠ ನನಗೆ! ಮನೆಗೆ ಬಂದೊಡನೆ ಹೊಟ್ಟೆ ಸೀಳಿ ಕರುಳು ತೆಗೆದು, ತೊಳೆದು, ಒರೆಸಿ, ಮಂಜುಗಡ್ಡೆಯ ಮೇಲಿಟ್ಟೆ. ಬಂಗುಡೆಯಲ್ಲಿ ಹುಳು ಇರುವುದು ಕರುಳಿನಲ್ಲಿ. ಮೀನು ಹಳತಾದಂತೆ ಅದು ಮಾಂಸಕ್ಕೆ ಹತ್ತುತ್ತದೆ. ತಾಜಾ ಮೀನಿನ ಕರುಳನ್ನು ತಡಮಾಡದೆ ತೆಗೆದರೆ ಭಯವಿಲ್ಲ. ಇದು ನಾನು ಕಲಿತದ್ದು, ಕಲಿಸಿದ್ದು.

ಅಕ್ಟೋಬರ್ 15, ಭಾನುವಾರ

ತಟ್ಟೆ ಖಾಲಿಯಾಗಿ ಹಿಂದಿರುಗಿತು.

ಒಗಾಸವಾರಾ ಕಿನು, ಕೇರಿಯ ಮಹಿಳಾ ಸಂಘದ ಅಧ್ಯಕ್ಷೆ, ತಾನು ತಂದ ಬೇಯಿಸಿದ ಮೂಲಂಗಿಯನ್ನು ನನ್ನ ತಟ್ಟೆಯ ಪಕ್ಕದಲ್ಲೇ ಇಟ್ಟಳು. ಬಣ್ಣವಿಲ್ಲ, ಆಕಾರವಿಲ್ಲ, ಉಪ್ಪು ಮಾತ್ರ ಎರಡು ಮನೆಗಾಗುವಷ್ಟು.

"ಅಬ್ಬಾ, ಎಷ್ಟು ಚೆಂದ ಜೋಡ್ಸಿದ್ದೀರಿ ಸೆನ್ಸೇ! ಮುಟ್ಟೋಕೇ ಮನಸ್ಸು ಬರಲ್ಲ," ಎಂದಳು.

ಹೊಗಳಿಕೆ ಬಂದಾಗ ಸ್ವೀಕರಿಸುವುದು ಸಭ್ಯತೆ. ಸ್ವೀಕರಿಸಿದೆ. ನಾನು ಚಹಾ ಮಾಡಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಎಳ್ಳು ಬಂಗುಡೆ ಮುಗಿದಿತ್ತು. ನನಗೆಂದು ಎರಡು ಹೋಳು ಉಳಿಸಿದ್ದರು. ಮೂಲಂಗಿ ಮಾತ್ರ ಅರ್ಧಕ್ಕರ್ಧ ಉಳಿದಿತ್ತೆಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಯಾಸುನೊ ಬಾಯಿ ಒರೆಸಿಕೊಳ್ಳುತ್ತಾ, "ಎಲ್ರಿಗೂ ತುಂಬಾ ಇಷ್ಟ ಆಯ್ತಕ್ಕ," ಎಂದಳು.

ಅಕ್ಟೋಬರ್ 16, ಸೋಮವಾರ

ನಿನ್ನೆ ಸಂಜೆ ಯಾಸುನೊಳಿಗೆ ಹೊಟ್ಟೆನೋವು ಬಂತು. ಹೊಟ್ಟೆನೋವು ಎನ್ನುವುದು ತೀರ ಚಿಕ್ಕ ಮಾತು. ಚಾಪೆಯ ಮೇಲೆ ಎರಡಾಗಿ ಮಡಚಿಕೊಂಡು, ಹಲ್ಲಿನಲ್ಲಿ ಟವೆಲು ಕಚ್ಚಿ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಬಾಯಿಯ ಮೂಲಕ ನಳಿಗೆ ಇಳಿಸಿ ಜಠರದ ಗೋಡೆಗೆ ಕಚ್ಚಿಕೊಂಡಿದ್ದ ನಾಲ್ಕು ಹುಳುಗಳನ್ನು ಕಿತ್ತು ತೆಗೆದರು. ನನ್ನ ಕೊನೆಯ ತರಗತಿಯ ಮಕ್ಕಳಿಗಿಂತ ಹೆಚ್ಚು ವಯಸ್ಸಿರದ ವೈದ್ಯ, ಸೀಸೆಯನ್ನು ನನ್ನ ಮೂಗಿನ ಬಳಿ ಹಿಡಿದ. ಒಳಗಿದ್ದ ಹುಳು ಬಿಳಿ ದಾರದ ತುಂಡಿನಂತಿತ್ತು. ಸುರುಳಿ ಬಿಚ್ಚಿಕೊಂಡು ಮತ್ತೆ ಸುತ್ತಿಕೊಂಡಿತು.

"ಹಸಿ ಮೀನು ತಿಂದ್ರಾ?"

"ಬಂಗುಡೆ. ನಾನೂ ತಿಂದಿದ್ದೀನಿ. ನನಗೇನೂ ಆಗಿಲ್ಲ," ಎಂದೆ.

"ನಿಮ್ಮ ಹೋಳಲ್ಲಿ ಇರ್ಲಿಲ್ಲ, ಅಷ್ಟೇ ಅಜ್ಜಿ."

ಅಜ್ಜಿ! ಆರೋಗ್ಯ ಕಚೇರಿಗೆ ವರದಿ ಕೊಡುವುದು ಕಾನೂನು, ಮೀನು ಎಲ್ಲಿ ಕೊಂಡದ್ದು ಎಂದು ಕೇಳಿದ. ಹೇಳಿದೆ. ತಡವರಿಸದೆ ಹೇಳಿದೆ. ತಾಜಾ ಮೀನಾಗಿದ್ದರೆ ಹುಳು ಮಾಂಸಕ್ಕೆ ಹತ್ತುತ್ತಿರಲಿಲ್ಲ. ಹತ್ತಿದೆ ಎಂದರೆ ಮೀನು ಹಳತು. ಹಳೆಯ ಮೀನಿಗೆ ಕಣ್ಣು ಹೊಳೆಯುವಂತೆ ಮಾಡುವ ವಿದ್ಯೆ ಆ ಕನೆಹಾಮಾನಿಗೆ ಗೊತ್ತಿರಬೇಕು.

ಅಕ್ಟೋಬರ್ 18, ಬುಧವಾರ

ಆರೋಗ್ಯ ಕಚೇರಿಗೆ ನಾಲ್ಕು ಪುಟಗಳ ದೂರು ಬರೆದೆ. ಎರಡು ಬಾರಿ ಕರಡು ತಿದ್ದಿ ಶುದ್ಧಪ್ರತಿ ಮಾಡಿದೆ. ಮೂರನೆಯ ಪುಟದಲ್ಲಿ, "ಮಾರಾಟದ ಸಮಯದಲ್ಲಿ ಖರೀದಿದಾರಳಿಗೆ ಯಾವುದೇ ಎಚ್ಚರಿಕೆಯನ್ನು ನೀಡಲಾಗಿಲ್ಲ" ಎಂದು ಬರೆದಿದ್ದೇನೆ. ವಾಕ್ಯ ಸರಿಯಾಗಿದೆ. ಎಚ್ಚರಿಕೆ ಎಂದರೆ ಕಾರಣಸಹಿತವಾದ ಹೇಳಿಕೆ. ಬೀದಿಯಲ್ಲಿ ನಿಂತು ಕೂಗುವುದು ಎಚ್ಚರಿಕೆಯಲ್ಲ, ಕೂಗಾಟ.

ಅಕ್ಟೋಬರ್ 21, ಶನಿವಾರ

ಕನೆಹಾಮಾನ ಅಂಗಡಿಗೆ ಒಂದು ದಿನದ ಮುಚ್ಚುಗಡೆಯ ಆದೇಶವಾಗಿದೆ. ಬಾಗಿಲ ಮೇಲೆ ಸರಕಾರಿ ಮುದ್ರೆಯ ಕಾಗದ. ಪತ್ರಿಕೆಯಲ್ಲೂ ಅಂಗಡಿಯ ಹೆಸರು ಬಂದಿದೆ, ಅಕ್ಷರ ಚಿಕ್ಕದು. ಒಂದು ದಿನ ಮಾತ್ರವೆಂದರೆ ಅದೊಂದು ಶಿಕ್ಷೆಯೇ? ತರಗತಿಯ ಹೊರಗೆ ನಿಲ್ಲಿಸಿದಂತೆ.

ಯಾಸುನೊ ಇಂದು ಮನೆಗೆ ಬಂದಳು. ಗಂಜಿ ಮಾಡಿಕೊಟ್ಟೆ.

ಅಕ್ಟೋಬರ್ 24, ಮಂಗಳವಾರ

ಯಾಸುನೊಳಿಗೆ ದೂರಿನ ವಿಷಯ ತಿಳಿಯಿತು. ಹಾಸಿಗೆಯಿಂದ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ತೊಮೆಜಿ ನಿನಗೆ ಹೇಳಿರ್ಲಿಲ್ವಾ ಅಕ್ಕ?"

"ಏನು ಹೇಳೋದು? ಅವರಪ್ಪ ತಿನ್ನಲಿಲ್ಲ ಅಂತ ಹೇಳಿದ. ಅದೊಂದು ಮಾತಾ?"

"ಹಸಿ ತಿನ್ಬೇಡಿ ಅಂದ್ನೋ ಇಲ್ವೋ? ಅಷ್ಟು ಹೇಳು ಸಾಕು."

"ನೀನು ರೋಗಿ. ಹೋಗಿ ಮಲಕ್ಕೋ."

"ನನ್ನ ಗಂಡ ಸಮುದ್ರದಲ್ಲಿ ತೀರಿಹೋದಾಗ ಮೂರು ತಿಂಗಳು ನಮ್ಮನೆಗೆ ಮೀನು ತಂದು ಹಾಕಿದ್ದು ಅವನು. ಆಗ ನೀನೆಲ್ಲಿದ್ದೆ? ಫುಕುಓಕಾದಲ್ಲಿ ಮಕ್ಕಳಿಗೆ ಏಪ್ರನ್ ಹೊಲಿಯೋದು ಕಲಿಸ್ತಾ ಇದ್ದೆ."

ಏಪ್ರನ್ ಹೊಲಿಯುವುದು ಏಳನೆಯ ತರಗತಿಯ ಪಾಠ. ಅದನ್ನು ಹೀಗಳೆಯುವ ಅಗತ್ಯವಿರಲಿಲ್ಲ. ಅವಳು ತನ್ನ ಬಟ್ಟಲು, ಊಟದ ಕಡ್ಡಿಗಳನ್ನೆತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಸರಿಸಿಕೊಂಡಳು. ಊಟವನ್ನೂ ಅಲ್ಲೇ ಮಾಡಿದಳು. ನಾನು ನನ್ನ ಪಾಲನ್ನು ಇಲ್ಲಿ ಮಾಡಿದೆ.

ಅಕ್ಟೋಬರ್ 29, ಭಾನುವಾರ

ಈ ವಾರ ನಾವು ಹೊರಗಿಟ್ಟ ಕಸದ ಚೀಲ ಎರಡು ಸಲ ಮನೆಯ ಬಾಗಿಲಿಗೇ ಹಿಂದಿರುಗಿದೆ. ಎರಡನ್ನೂ ಬಿಚ್ಚಿ ಪರಿಶೀಲಿಸಿದೆ, ವಿಂಗಡಣೆಯಲ್ಲಿ ತಪ್ಪಿಲ್ಲ. ಸುಡುವ ಕಸ ಯಾವುದು, ಸುಡದ ಕಸ ಯಾವುದು ಎಂದು ಮೂವತ್ತೇಳು ವರ್ಷ ಪಾಠ ಹೇಳಿದ್ದೇನೆ. ತರಕಾರಿ ಅಂಗಡಿಯವಳು ನನ್ನನ್ನು ಕಂಡರೆ ಬೆನ್ನು ತಿರುಗಿಸಿ ಬಾಳೆಹಣ್ಣು ಎಣಿಸತೊಡಗುತ್ತಾಳೆ.

ಇಂದು ಕನೆಹಾಮಾ ಬಾಗಿಲಿಗೆ ಬಂದ. ಕೈಯಲ್ಲಿ ಮೀನಿನ ತಲೆಗಳ ಪೊಟ್ಟಣ, ಯಾಸುನೊಳ ಬೆಕ್ಕಿಗೆಂದು ಪ್ರತಿ ವಾರ ತರುವಂಥದ್ದು.

"ತಂಗಿಯವರು ಹೇಗಿದ್ದಾರೆ?"

"ಮಲಗಿದ್ದಾಳೆ."

"ಇದು ಬೆಕ್ಕಿಗೆ. ಬೇಯ್ಸಿ ಹಾಕಿ ಅಂತ ಹೇಳ್ಲಾ, ಬೇಡ್ವಾ? ಹೇಳಿದ್ರೂ ಹೇಳಿಲ್ಲ ಅಂತ ಬರೀತೀರಲ್ಲ."

"ಕಾರಣ ಹೇಳಿದ್ರಾ ನೀವು? ಕಾರಣ ಹೇಳಿದ್ರೆ ಕೇಳ್ತಿದ್ದೆ."

"ಕಾರಣ! ಮನೆಗೆ ಬೆಂಕಿ ಬಿದ್ದಿದೆ ಓಡಿ ಅಂದ್ರೂ, ಯಾಕೆ ಬಿತ್ತು ಅಂತ ಕೂತ್ಕೊಂಡು ಕೇಳೋರು ನೀವು." ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟ. ಮೊದಲ ಬಾರಿಗೆ ಮೆಲ್ಲಗೆ ಮಾತನಾಡಿದ. "ಹೊಸ ವರ್ಷದ ಉಪ್ಪು ಸಾಲ್ಮನ್‌ಗೆ ಹೇಳಿಟ್ಟಿದ್ದವರು ಒಬ್ಬೊಬ್ರಾಗಿ ಬೇಡ ಅಂತಿದ್ದಾರೆ. ಹುಳದ ಅಂಗಡಿ ಅಂತಿದ್ದಾರೆ. ಹೀಗೇ ಆದ್ರೆ ಡಿಸೆಂಬರ್‌ಗೆ ಬಾಗಿಲು ಹಾಕ್ತೀನಿ. ಅಪ್ಪ ತೆಗೆದ ಅಂಗಡಿ. ಖುಷಿಯಾಯ್ತಾ?"

ಮೀನು ಹಳತಾಗಿತ್ತೆಂದು ಸಾಬೀತು ಮಾಡಿದರೆ ಈ ಮಾತುಗಳೆಲ್ಲ ತಾವಾಗಿ ಬಾಯಿ ಮುಚ್ಚುತ್ತವೆ. ಸಾಬೀತು ಮಾಡುತ್ತೇನೆ.

ನವೆಂಬರ್ 3, ಶುಕ್ರವಾರ

ಅಂಗಡಿಯನ್ನು ಬಿಟ್ಟು ನೇರವಾಗಿ ದೋಣಿಗಳ ಬಳಿಗೇ ಹೋದೆ. ಇನ್ನೂ ಬಾಲ ಬಡಿಯುತ್ತಿದ್ದ ಬಂಗುಡೆ. ಇದಕ್ಕಿಂತ ತಾಜಾ ಬೇಕೆಂದರೆ ಸಮುದ್ರಕ್ಕೇ ಇಳಿಯಬೇಕು. ಅಲ್ಲೇ ದಂಡೆಯ ಮೇಲೆ ಹೊಟ್ಟೆ ಸೀಳಿ ಕರುಳು ತೆಗೆದೆ. ಮೀನುಗಾರರು ಹುಚ್ಚಿಯನ್ನು ನೋಡುವಂತೆ ನೋಡಿದರು. ಮನೆಯಲ್ಲಿ ಮಾಂಸವನ್ನು ಕಾಗದದಷ್ಟು ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ, ಕೆಳಗಿನಿಂದ ದೀಪ ಹಿಡಿದು ನೋಡಿದೆ.

ಒಂದೂ ಹುಳು ಇಲ್ಲ!

ಕರುಳಿನಲ್ಲಿ ಇದ್ದವು, ಸಾಕಷ್ಟು. ಮಾಂಸ ಕನ್ನಡಿಯಂತಿತ್ತು. ನನ್ನ ಸಿದ್ಧಾಂತ ಅಕ್ಷರಶಃ ಸರಿ. ಹಿಂದಿನ ಕೋಣೆಯ ಬಾಗಿಲಿನ ಮುಂದೆ ನಿಂತು ಗಟ್ಟಿಯಾಗಿ ಹೇಳಿದೆ. ಒಳಗೆ ರೇಡಿಯೋದ ಧ್ವನಿ ಏರಿತು.

ಒಂದು ಮೀನಿನಿಂದ ನಿರ್ಣಯಕ್ಕೆ ಬರುವುದು ಅವೈಜ್ಞಾನಿಕ. ಮಂಗಳವಾರ ಮತ್ತೆ ಮಾಡಬೇಕು. ಯಾರೂ ಬೆರಳು ತೋರಿಸಬಾರದು.

ನವೆಂಬರ್ 7, ಮಂಗಳವಾರ

ಅದೇ ದಂಡೆ, ಅದೇ ದೋಣಿ, ಅದೇ ಚಾಕು. ಮೀನು ನೀರಿನಿಂದ ಮೇಲೆ ಬಂದು ಅರ್ಧ ಗಂಟೆ ಆಗಿರಲಿಲ್ಲ.

ಹೊಟ್ಟೆಯ ಕಡೆಯ ಮಾಂಸದಲ್ಲಿ ಐದು.

ಮೂರು ಸಲ ದೀಪ ಬದಲಿಸಿ ನೋಡಿದೆ. ದಾರವಾಗಿರಬಹುದೆಂದು ಚಿಮುಟದಿಂದ ಹಿಡಿದೆ. ದಾರ ಚಿಮುಟಕ್ಕೆ ಸುತ್ತಿಕೊಂಡಿತು.

ಮೀನು ಸಾಯುವ ಮುನ್ನವೇ ಹತ್ತಿವೆ. ಯಾವ ಅಂಗಡಿಯವನೂ ಹತ್ತಿಸಿದ್ದಲ್ಲ, ಯಾವ ಕೈ ಎಷ್ಟು ಬೇಗ ಕರುಳು ತೆಗೆದರೂ ತಪ್ಪುವುದಲ್ಲ. ಇದು ಪಠ್ಯಪುಸ್ತಕದಲ್ಲಿರಲಿಲ್ಲ. ಆ ಪುಸ್ತಕ ಸಿದ್ಧಪಡಿಸಿದವರು ಈಗ ಎಲ್ಲಿದ್ದಾರೋ, ಅವರಿಗೂ ನಾಲ್ಕು ಪುಟ ಬರೆಯಬಹುದು.

ಕೋಪ ಬಂದುದರಿಂದ ನಾಲ್ಕು ಬಟ್ಟಲು ಇಟ್ಟು ಪ್ರಯೋಗವನ್ನು ಮುಂದುವರಿಸಿದೆ. ಒಂದನ್ನು ವಿನೆಗರ್‌ನಲ್ಲಿ, ಒಂದನ್ನು ಉಪ್ಪುನೀರಿನಲ್ಲಿ, ಒಂದನ್ನು ಮೂಗಿಗೇರುವ ವಸಾಬಿ ಖಾರದಲ್ಲಿ, ಒಂದನ್ನು ನಮ್ಮೂರಿನ ಸಿಹಿ ಸೋಯಾದಲ್ಲಿ ಹಾಕಿದೆ. ಐದನೆಯದನ್ನು ಪುಟ್ಟ ಸೀಸೆಯಲ್ಲಿ ಫ್ರೀಜರಿಗಿಟ್ಟೆ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ್ದೇನೆ.

ನವೆಂಬರ್ 8, ಬುಧವಾರ

ವಿನೆಗರ್: ಜೀವಂತ. ಉಪ್ಪು: ಜೀವಂತ. ವಸಾಬಿ: ಜೀವಂತ, ಉತ್ಸಾಹದಿಂದಿದೆ. ಸಿಹಿ ಸೋಯಾ: ಈಜುತ್ತಿದೆ.

ನಮ್ಮ ತಾಯಿ ಇದೇ ಸೋಯಾವನ್ನು ಔಷಧಿಯೆನ್ನುತ್ತಿದ್ದಳು.

ನವೆಂಬರ್ 11, ಶನಿವಾರ

ಫ್ರೀಜರಿನ ಸೀಸೆಯನ್ನು ಇಂದು ಹೊರತೆಗೆದು ಕರಗಿಸಿದೆ. ಅಲುಗಾಟವಿಲ್ಲ. ಸೂಜಿಯಿಂದ ಚುಚ್ಚಿದೆ. ಸತ್ತಿದೆ.

ಹಳೆಯ ಸಹೋದ್ಯೋಗಿ ಮಿತ್ಸುಯೊ ಫುಕುಓಕಾದಿಂದ ನನ್ನ ಕೋರಿಕೆಯಂತೆ ಎರಡು ಬಂಗುಡೆಗಳನ್ನು ಮಂಜುಗಡ್ಡೆಯಲ್ಲಿಟ್ಟು ಕಳಿಸಿದ್ದಳು. ಕರುಳಿನ ತುಂಬ ಹುಳು. ಮಾಂಸದಲ್ಲಿ ಒಂದೂ ಇಲ್ಲ. ಎರಡೂ ಮೀನುಗಳಲ್ಲಿ ಹಾಗೆಯೇ. ಎರಡು ದಿನ ಪ್ರಯಾಣ ಮಾಡಿ ಬಂದ ಮೀನು ಶುದ್ಧ, ದಂಡೆಯ ಮೇಲೆ ಬಾಲ ಬಡಿದ ಮೀನು ಕೊಳಕು. ದೂರವಾಣಿಯಲ್ಲಿ ಅವಳಿಗೆ ಹೇಳಿದೆ.

"ಅದೇ ಕಣೇ, ನೀನಿರೋ ಕಡೆ ಸಮುದ್ರದ ಹುಳದ ಜಾತಿಯೇ ಬೇರೆ ಅಂತೆ, ಮಾಂಸಕ್ಕೆ ನುಗ್ಗೋದು ಜಾಸ್ತಿ. ನಮ್ಮ ಕಡೆದು ಹೆಚ್ಚಾಗಿ ಕರುಳಲ್ಲೇ ಇರುತ್ತಂತೆ. ಹೆಚ್ಚಾಗಿ, ಗೊತ್ತಾಯ್ತಾ? ನಮ್ಮಲ್ಲೂ ಆಸ್ಪತ್ರೆ ಸೇರೋರಿದ್ದಾರೆ. ಟಿವಿಯಲ್ಲಿ ಎಷ್ಟು ಸಲ ಬಂತು! ನೀನು ನೋಡಲ್ವಾ?"

"ನಾನು ಟಿವಿ ನೋಡಲ್ಲ."

"ಅದೂ ಒಂದು ಹೆಮ್ಮೆ ನಿಂಗೆ," ಎಂದು ನಕ್ಕಳು. ಅವಳು ಯಾವಾಗಲೂ ಅಗತ್ಯಕ್ಕಿಂತ ಹೆಚ್ಚು ನಗುತ್ತಾಳೆ.

ಅಂದರೆ ಇಲ್ಲಿಯವರ ಅಪ್ಪಂದಿರು ತಿನ್ನದಿದ್ದುದಕ್ಕೆ ಕಾರಣವಿತ್ತು. ಅದನ್ನು ಅವರು ಮರೆತರು; ತಿನ್ನದಿರುವುದನ್ನು ಮರೆಯಲಿಲ್ಲ. ನಮ್ಮಲ್ಲಿ ತಿನ್ನುತ್ತಿದ್ದುದಕ್ಕೂ ಕಾರಣವಿತ್ತು. ನಾನು ಅದನ್ನು ನಮ್ಮ ಕೈಚಳಕ ಎಂದುಕೊಂಡಿದ್ದೆ.

ಮಾಂಸ ಚೆನ್ನಾಗಿತ್ತು. ತಿನ್ನಲಿಲ್ಲ. ಬೇಯಿಸಿ ಬೆಕ್ಕಿಗೆ ಹಾಕಿದೆ.

ನವೆಂಬರ್ 16, ಗುರುವಾರ

ಕಸ ಹಾಕುವ ಜಾಗದಲ್ಲಿ ಒಗಾಸವಾರಾ ಕಿನುವನ್ನು ಹಿಡಿದು ನಿಲ್ಲಿಸಿದೆ. ನನ್ನ ಚೀಲವನ್ನು ಹಿಂದಿರುಗಿಸುತ್ತಿರುವವರು ಯಾರೆಂದು ಕೇಳಿದೆ.

"ನಂಗೇನು ಗೊತ್ತು ಸೆನ್ಸೇ? ಕಾಗೆ ಇರ್ಬೇಕು."

"ಕಾಗೆಗಳು ಗಂಟು ಬಿಚ್ಚದೆ ಚೀಲ ಹೊತ್ತು ತರ್ತಾವಾ?"

"ನಮ್ಮೂರ ಕಾಗೆ ಜಾಣ. ಹಸಿ ಬಂಗುಡೆ ಮಾತ್ರ ಮುಟ್ಟಲ್ಲ."

"ಮುಟ್ಟದವರು ಯಾರು?" ಎಂದೆ. "ಅವತ್ತು ನೀವೇ ಚಪ್ಪರಿಸಿಕೊಂಡು ತಿಂದಿರಿ. ತಟ್ಟೆ ನೆಕ್ಕಿದ ಹಾಗಿತ್ತು."

ಕಾಗೆ ಮುಟ್ಟದಂತೆ ಕಸದ ಮೇಲೆ ಬಲೆ ಎಳೆಯುತ್ತಿದ್ದ ಅವಳ ಕೈ ನಿಂತಿತು.

"ನಾವು ಯಾರೂ ಒಂದು ಹೋಳೂ ತಿಂದಿಲ್ಲ ಸೆನ್ಸೇ. ನೀವು ಚಹಾಕ್ಕೆ ಒಳಗೆ ಹೋದ ತಕ್ಷಣ ತಟ್ಟೆ ಮುಚ್ಚಿಡೋಣ ಅಂದೆ ನಾನು. ನಿಮ್ಮ ತಂಗಿ ಬಿಡಲಿಲ್ಲ. ಇಷ್ಟು ವರ್ಷ ಈ ಊರಲ್ಲಿದ್ದವಳು, ಅವಳಿಗೆ ಗೊತ್ತಿಲ್ವಾ? ಅಕ್ಕನನ್ನ ಮೊದಲನೇ ಸಲ ಕರೆದಿದ್ದೀರಿ, ತಟ್ಟೆ ತುಂಬಿ ವಾಪಸ್ ಹೋದ್ರೆ ಮನೆಗೆ ಹೋಗಿ ಒಬ್ಬಳೇ ಕೂತ್ಕೋತಾಳೆ ಅಂದ್ಲು. ಗಬಗಬ ಅಂತ ಎಲ್ಲ ಒಬ್ಬಳೇ ತಿಂದ್ಲು. ಕಣ್ಣಲ್ಲಿ ನೀರಿತ್ತು ಪಾಪ, ಅಷ್ಟು ಬೇಗ ನುಂಗಿದ್ದಕ್ಕೆ."

"ಹೇಳಬಹುದಿತ್ತಲ್ಲ ನನಗೆ!"

"ನಿಮಗಾ?" ಎಂದಳು ಕಿನು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನವೆಂಬರ್ 17, ಶುಕ್ರವಾರ

ಮಳೆ. ಹೊರಗೆ ಹೋಗಲಿಲ್ಲ.

ನವೆಂಬರ್ 20, ಸೋಮವಾರ

ಆರೋಗ್ಯ ಕಚೇರಿಗೆ ಹೋದೆ. ಗುಮಾಸ್ತೆ ಉಗುರಿಗೆ ನೀಲಿ ಬಣ್ಣ ಹಚ್ಚಿಕೊಂಡಿದ್ದಳು. ದೂರಿನಲ್ಲಿ ಒಂದು ವಾಕ್ಯ ತಪ್ಪಿದೆ, ತಿದ್ದಬೇಕು ಎಂದೆ.

"ಪ್ರಕರಣ ಮುಗಿದಿದೆಯಲ್ಲ ಮೇಡಂ. ಒಂದು ದಿನ ಮುಚ್ಚಿಸಿದ್ದೂ ಆಯ್ತು."

"ಪ್ರಕರಣ ಮುಗಿದ್ರೆ ತಪ್ಪು ಸರಿಯಾಗುತ್ತಾ?"

"ಇಲ್ಲ... ಯಾರೂ ಹೀಗೆ ಬಂದು ಕೇಳಲ್ಲ, ಅದಕ್ಕೆ." ಮೇಲಧಿಕಾರಿಯನ್ನು ಕೇಳಿ ಬಂದಳು. "ಬರಹದಲ್ಲಿ ಕೊಡಿ. ಹುಷಾರಿಲ್ಲದವರ ಹೇಳಿಕೆಯೂ ಬೇಕು. ಮುಚ್ಚಿಸಿದ ಅಂಗಡಿಗಳ ಕಚೇರಿ ಪಟ್ಟಿಯಿಂದ ಹೆಸರು ತೆಗೀಬಹುದೇನೋ. ಪತ್ರಿಕೆಗೆ ತಿದ್ದುಪಡಿ ಕಳಿಸ್ತೀವಿ, ಹಾಕೋದು ಬಿಡೋದು ಅವರಿಷ್ಟ."

ಗೋಡೆಯ ಮೇಲಿನ ಭಿತ್ತಿಪತ್ರದಲ್ಲಿ ಬರೆದಿತ್ತು: ಕಣ್ಣಿನಿಂದ ಪರೀಕ್ಷಿಸಿ, ಒಳಗಿನವರೆಗೆ ಚೆನ್ನಾಗಿ ಬೇಯಿಸಿ, ಹಸಿ ತಿನ್ನುವುದಾದರೆ ಇಪ್ಪತ್ತು ಡಿಗ್ರಿ ಮೈನಸ್‌ನಲ್ಲಿ ಒಂದು ದಿನಕ್ಕೂ ಮೀರಿ ಹೆಪ್ಪುಗಟ್ಟಿಸಿ, ವಿನೆಗರ್, ಉಪ್ಪು, ಸೋಯಾ, ವಸಾಬಿಯಿಂದ ಹುಳು ಸಾಯುವುದಿಲ್ಲ. ಈ ಗೋಡೆಯ ಮುಂದೆ ಹತ್ತು ನಿಮಿಷ ನಿಂತಿದ್ದರೆ ನನ್ನ ನಾಲ್ಕು ಬಟ್ಟಲುಗಳು ಉಳಿಯುತ್ತಿದ್ದವು. ಅಕ್ಷರಗಳು ಮಾತ್ರ ಓರೆಯಾಗಿದ್ದವು. ಅದನ್ನೂ ಹೇಳಿ ಬಂದೆ.

ನವೆಂಬರ್ 24, ಶುಕ್ರವಾರ

ಕನೆಹಾಮಾ ಅವರ ಅಂಗಡಿಗೆ ಹೋದೆ. ಹೊಸ ವರ್ಷದ ಸಾಲ್ಮನ್ ತೂಗುಹಾಕುವ ಕೊಕ್ಕೆಗಳಲ್ಲಿ ಹೆಚ್ಚಿನವು ಖಾಲಿಯಿದ್ದವು. ಅವರು ನನ್ನನ್ನು ಕಂಡು ಚಾಕು ಒರೆಸುವುದನ್ನು ಮುಂದುವರಿಸಿದರು.

"ಬಂಗುಡೆ ಒಂದು," ಎಂದೆ.

"ಏನಕ್ಕೆ?"

"ಹಸಿ ತಿನ್ನೋಕೆ."

ಚಾಕು ನಿಂತಿತು. ತರಕಾರಿ ಅಂಗಡಿಯವಳು ಬೀದಿ ದಾಟಿ ಬಂದೇಬಿಟ್ಟಳು.

"ಫ್ರೀಜರ್‌ನಲ್ಲಿಟ್ಟು," ಎಂದೆ. "ನಮ್ಮನೆ ಫ್ರೀಜರ್ ಹದಿನೆಂಟು ಮೈನಸ್‌ಗೆ ನಿಲ್ಲುತ್ತೆ, ಥರ್ಮಾಮೀಟರ್ ಇಟ್ಟು ನೋಡಿದ್ದೀನಿ. ಅದಕ್ಕೇ ಒಂದು ದಿನ ಸಾಲದು, ಮೂರು ದಿನ ಇಡ್ತೀನಿ."

"ಮಾಂಸ ಹತ್ತಿ ಥರ ಆಗುತ್ತೆ."

"ಆಗಲಿ."

"ಇಷ್ಟು ಒಳ್ಳೆ ಬಂಗುಡೆನ ಕೆಡಿಸ್ತೀರಿ ನೀವು!"

"ಕೆಡಿಸ್ತೀನಿ. ನನ್ನದು. ನೀವು ಕಟ್ಟಿಕೊಡಿ."

ಕಟ್ಟಿಕೊಟ್ಟರು. ನಾನು ಬೀದಿಯ ತುದಿ ಮುಟ್ಟುವಾಗ ಹಿಂದಿನಿಂದ ಕೂಗು ಕೇಳಿಸಿತು: "ಮೂರು ದಿನ ಸೆನ್ಸೇ! ಮೂರು ದಿನ!" ಎಂಥ ಗಂಟಲು ಅವರಿಗೆ. ಬಂದರಿನವರೆಗೂ ಕೇಳಿಸಿರಬೇಕು.

ನವೆಂಬರ್ 28, ಮಂಗಳವಾರ

ತಿಂದವರು ಇಬ್ಬರು. ಹಿಂದಿನ ಕೋಣೆಯ ಬಾಗಿಲ ಮುಂದೆ ತಟ್ಟೆ ಇಟ್ಟು, ಹೇಗೆ ಮಾಡಿದೆನೆಂದು ಮೊದಲಿನಿಂದ ಕೊನೆಯವರೆಗೂ ಹೇಳಿದೆ: ಎಷ್ಟು ಡಿಗ್ರಿ, ಎಷ್ಟು ದಿನ, ದೀಪದಲ್ಲಿ ಹೇಗೆ ನೋಡಿದೆ, ಎಲ್ಲವನ್ನೂ. ನಂತರ ಅಲ್ಲೇ ಕೂತು ನಾನು ಮೊದಲು ತಿಂದೆ. ಬಾಗಿಲು ಸರಿಯಿತು.

ಯಾಸುನೊ ಒಂದು ಹೋಳು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

"ಮೆತ್ತಗಾಗಿದೆ ಅಕ್ಕ. ರುಚಿ ಕಮ್ಮಿ."

"ಕಮ್ಮೀನೇ. ಬೇಡದಿದ್ರೆ ಬಿಡು, ಬಲವಂತಕ್ಕೆ ತಿನ್ಬೇಡ."

"ಯಾರು ಬಲವಂತಕ್ಕೆ ತಿಂದೋರು?"

"ಒಂಟಿಯಾಗಿ ಕೂತ್ಕೊಳ್ಳೋ ಅಭ್ಯಾಸ ನನಗಿದೆ," ಎಂದೆ. "ಫುಕುಓಕಾದಲ್ಲಿ ಮೂವತ್ತು ವರ್ಷ ಕೂತಿದ್ದೀನಿ. ಇನ್ಮೇಲೆ ತಟ್ಟೆ ತುಂಬಿ ಬಂದ್ರೆ ಬರಲಿ. ಹುಳ ನುಂಗಬೇಡ."

ಅವಳು ನನ್ನ ತಟ್ಟೆಯಿಂದ ಎರಡು ಹೋಳು ತೆಗೆದುಕೊಂಡಳು. ಅಷ್ಟರಲ್ಲಿ ಹೇಳಿಕೆಯ ಕಾಗದವನ್ನು ಮುಂದಿಟ್ಟೆ. ನನಗೆ ಕಾಣದಂತೆ ಕೈಯಡ್ಡ ಹಿಡಿದು ಬರೆದಳು, ಚಿಕ್ಕಂದಿನಲ್ಲಿ ಪರೀಕ್ಷೆ ಬರೆಯುತ್ತಿದ್ದಂತೆಯೇ.

ಬಟ್ಟಲು ಕಡ್ಡಿಗಳು ಅಡುಗೆಮನೆಗೆ ಹಿಂದಿರುಗಿವೆ. ಬೆಕ್ಕಿಗೂ ಒಂದು ಹೋಳು ಕೊಟ್ಟೆವು. ಅದು ಮೂಸಿ ಹೋಯಿತು.

ನವೆಂಬರ್ 30, ಗುರುವಾರ

ಇಂದು ಅಂಚೆಗೆ ಹಾಕಿದ ಪತ್ರದ ಪ್ರತಿ, ನನ್ನ ಕಡತಕ್ಕೆ:

ಆರೋಗ್ಯ ಕಚೇರಿಯವರಿಗೆ. ಅಕ್ಟೋಬರ್ 18ರ ನನ್ನ ದೂರಿನ ಮೂರನೆಯ ಪುಟದಲ್ಲಿ, ಖರೀದಿದಾರಳಿಗೆ ಯಾವ ಎಚ್ಚರಿಕೆಯನ್ನೂ ನೀಡಲಾಗಿಲ್ಲ ಎಂದಿದೆ. ಅದು ತಪ್ಪು. ಕನೆಹಾಮಾ ತೊಮೆಜಿ ಅವರು ಮೀನನ್ನು ಹಸಿಯಾಗಿ ತಿನ್ನಬಾರದೆಂದು ಅಂಗಡಿಯಲ್ಲಿ ಒಮ್ಮೆ, ಬೀದಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದರು. ಖರೀದಿದಾರಳು ಕೇಳಿಸಿಕೊಂಡಳು, ಕೇಳಲಿಲ್ಲ. ಮೀನು ಹಳತಾಗಿತ್ತು ಎಂಬ ಎರಡನೆಯ ಪುಟದ ವಾದವೂ ನಿಲ್ಲುವುದಿಲ್ಲ, ನಾನೇ ಪರೀಕ್ಷಿಸಿದ್ದೇನೆ. ಆದ್ದರಿಂದ ಅವರ ಅಂಗಡಿಯ ಹೆಸರನ್ನು ನಿಮ್ಮ ಪಟ್ಟಿಯಿಂದ ಡಿಸೆಂಬರ್ ತಿಂಗಳ ಮೊದಲ ವಾರದೊಳಗೆ ತೆಗೆಯಬೇಕು. ಉಪ್ಪು ಸಾಲ್ಮನ್ನಿಗೆ ಜನ ಹೇಳಿಡುವುದು ಆಗಲೇ. ತಡವಾದರೆ ಮತ್ತೆ ಬರೆಯುತ್ತೇನೆ. ನನ್ನ ಪತ್ರಗಳು ಚಿಕ್ಕದಾಗಿರುವುದಿಲ್ಲವೆಂದು ನಿಮಗೆ ಈಗಾಗಲೇ ತಿಳಿದಿದೆ.

ಕುರೊಗಿ ಶಿಜುಯೊ
ನಿವೃತ್ತ ಗೃಹವಿಜ್ಞಾನ ಶಿಕ್ಷಕಿ

ಲಗತ್ತುಗಳು:

1. ಅಕ್ಟೋಬರ್ 18ರ ನನ್ನ ದೂರಿನ ಪ್ರತಿ, ನಾಲ್ಕು ಪುಟ. ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ನಾನೇ ಗುರುತಿಸಿದ್ದೇನೆ. ಅಂಕ ಕೊಟ್ಟಿಲ್ಲ.

2. ಅಂಗಡಿಯ ಬಾಗಿಲಿಗೆ ಅಂಟಿಸಲು ಈ ಅಂಗಡಿಯ ತಪ್ಪೇನೂ ಇಲ್ಲವೆಂದು ಕುಂಚದಿಂದ ಬರೆದ ಪ್ರಕಟಣೆ, ಒಂದು ಹಾಳೆ. ನಿಮ್ಮ ಮುದ್ರೆ ಒತ್ತಿ ಹಿಂದಿರುಗಿಸಿದರೆ ಸಾಕು. ಅಂಟಿಸುವುದು ನನ್ನ ಕೆಲಸ.

3. ಮುಚ್ಚಿದ ಸೀಸೆ, ಒಂದು. ಒಳಗಿರುವ ಹುಳು ಫ್ರೀಜರಿನಲ್ಲಿ ಸತ್ತದ್ದು. ಸಿಹಿ ಸೋಯಾದಲ್ಲಿ ಬದುಕಿದ್ದುದನ್ನು ಕಳಿಸಲು ಅಂಚೆಯವರು ಒಪ್ಪಲಿಲ್ಲ.

4. ನನ್ನ ತಂಗಿ ಯಾಸುನೊಳ ಹೇಳಿಕೆ, ಎರಡು ಸಾಲು: "ತೊಮೆಜಿದೇನೂ ತಪ್ಪಿಲ್ಲ. ಅಕ್ಕನ ತಟ್ಟೆ ಅಂತ ನಾನೇ ಎಲ್ಲ ತಿಂದೆ, ಚೆನ್ನಾಗಿತ್ತು." ಭಾಷೆ ಕಚೇರಿಗೆ ತಕ್ಕುದಲ್ಲ. ತಿದ್ದಿಲ್ಲ.